ಹಂಗಳದ ಹಸಿರು ಚುಕ್ಕಿ

ನಮ್ಮ ಕೇಂದ್ರದ ಮುಂದಿನ ಹಾಲ್‌ನೊಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಯಷ್ಟಗಲದ ಪರದೆ. ಅದರ ಮೇಲೆ ಕಾಡಂಚಿನ ಊರುಗಳ ನಕ್ಷೆ, ಒಂದೊಂದು ಮನೆಗೆ ಒಂದೊಂದು ಚುಕ್ಕಿ. ಆನೆ ಬಂದಿದೆ ಎಂದು ಕೇಂದ್ರದಿಂದ ಹೋದ ಫೋನನ್ನು ಮನೆಯವರು ಎತ್ತಿದರೆ ಚುಕ್ಕಿ ಹಸಿರು, ಎತ್ತದಿದ್ದರೆ ಕೆಂಪು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದಿನ ಕೋಣೆಯಲ್ಲಿ, ಜೆರಾಕ್ಸ್ ಮೆಷಿನ್ನು ಮತ್ತು ನೀರಿನ ಕ್ಯಾನುಗಳ ನಡುವೆ ಒಂದು ಸರ್ವರ್ ಇದೆ. ಎಲ್ಲವೂ ನಡೆಯುವುದು ಅದರಿಂದ. ಅದರ ಮುಂದೆ ಮಾತ್ರ ಯಾರೂ ಫೋಟೋ ತೆಗೆಸಿಕೊಂಡಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಕಟ್ಟಿದವರು ಈ ಕೇಂದ್ರ ನಡೆಸುವ ನಮ್ಮ ಟ್ರಸ್ಟನ್ನು ನೋಡಿಯೇ ಕಟ್ಟಿರಬೇಕು.

ಆ ಸರ್ವರನ್ನು ನೋಡಿಕೊಳ್ಳುತ್ತಿದ್ದವಳು ನಾನು. ಹೆಸರು ಬೃಂದಾ, ಊರು ಹರವೆ. ಕೇಂದ್ರ ಇರುವುದು ಚಾಮರಾಜನಗರದಲ್ಲಿ, ಆನೆ ಇರುವುದು ಗುಂಡ್ಲುಪೇಟೆ ಕಡೆಯ ಕಾಡಂಚಿನಲ್ಲಿ. ಕೇಂದ್ರವನ್ನು ಅಲ್ಲೇ ಮಾಡಬಹುದಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ, ಜಿಲ್ಲಾ ಕೇಂದ್ರದಲ್ಲಿದ್ದರೆ ದೊಡ್ಡವರ ಕಣ್ಣಿಗೆ ಬೀಳುತ್ತೇವೆ ಎಂದು ಗುರುಸಿದ್ದಯ್ಯನವರು ಹೇಳಿದ್ದರಂತೆ. ಗುರುಸಿದ್ದಯ್ಯನವರು ಟ್ರಸ್ಟಿನ ಮುಖ್ಯಸ್ಥರು. ಇಸ್ತ್ರಿ ಮಾಡಿದ ಜುಬ್ಬ, ಇಸ್ತ್ರಿ ಮಾಡಿದ ಮಾತು.

ಕೆಲಸ ನಡೆಯುವ ಬಗೆ ಸರಳ. ಒಂದೊಂದು ಊರಿಗೆ ಒಬ್ಬ ಕಾವಲುಗಾರ. ಅಟ್ಟಣೆಯ ಮೇಲಿಂದ ಆನೆ ಕಂಡ ಕೂಡಲೇ ಅವನು ಕೇಂದ್ರದ ನಂಬರಿಗೆ ಫೋನ್ ಮಾಡಿ, ಆನೆ ಯಾವ ಕಡೆ ಇಳಿಯುತ್ತಿದೆ ಎಂಬುದಕ್ಕೆ ಗೊತ್ತುಮಾಡಿದ ಅಂಕಿ ಒತ್ತುತ್ತಾನೆ. "ನಿಮ್ಮ ಮಾಹಿತಿ ದಾಖಲಾಗಿದೆ, ಧನ್ಯವಾದ" ಎನ್ನುತ್ತದೆ ಮೆಷಿನ್ನು. ಆಮೇಲೆ ಸರ್ವರಿನಲ್ಲಿರುವ ಡೇಟಾಬೇಸು ಆ ಊರಿನ ನಂಬರುಗಳನ್ನೆಲ್ಲ ಹುಡುಕಿ ಕೊಡುತ್ತದೆ, ಊರಿನ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಎತ್ತಿದರೆ ಒಂದು ಹೆಣ್ಣು ದನಿ: "ಜೋಪಾನ. ಆನೆ ನಿಮ್ಮ ಹತ್ತಿರದಲ್ಲಿದೆ. ಮನೆಯಿಂದ ಹೊರಗೆ ಬರಬೇಡಿ." ಆ ದನಿಯೂ, ಧನ್ಯವಾದ ಹೇಳುವ ದನಿಯೂ ನನ್ನದೇ. ಸ್ಟುಡಿಯೋಗೆ ಹೋಗುವುದು ಯಾಕೆ ಎಂದು ನನ್ನ ಕೈಯಲ್ಲೇ ಓದಿಸಿ ಮುಗಿಸಿದ್ದರು.

ಕಾಡಂಚಿನ ಹಂಗಳ ಎಂಬ ಊರಿನ ಕಾವಲುಗಾರ ಮಾರಯ್ಯ. ನಾನು ಮಾರಣ್ಣ ಎನ್ನುತ್ತಿದ್ದೆ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅವನ ಹೆಂಡತಿ ಸುಂದ್ರಮ್ಮ. ಬೆಳಕು ಹರಿಯುವ ಹೊತ್ತಿಗೆ ಚೆಂಡು ಹೂವು ಕೀಳುವ ಕೂಲಿಗೆ ಹೋಗುತ್ತಿದ್ದಳು. ಹೊಲ ಕಾಡಿಗೆ ಅಂಟಿಕೊಂಡೇ ಇತ್ತು. ಹೊಸ ವ್ಯವಸ್ಥೆ ಹೇಳಿಕೊಡಲು ನಾನು ಹಂಗಳಕ್ಕೆ ಹೋದ ದಿನ ಎಲ್ಲರೆದುರು ನನ್ನನ್ನು ಹಿಡಿದು ನಿಲ್ಲಿಸಿದ್ದಳು.

"ಪೋನೊಳ್ಗಿರೋ ಎಂಗ್ಸು ನೀನೇನವ್ವ? ನನ್ ಗಂಡುನ್ಗ ಇನ್ಮ್ಯಾಲ ದಿನಾ ದನ್ಯವಾದ ಯೋಳೀಯಂತೆ. ಇಷ್ಟ್ ವರ್ಸ ಬಾಳಾಟ ಮಾಡಿವ್ನಿ, ನಾನೊಂದ್ಸತಿನೂ ಯೋಳಿಲ್ಲ ಕಣವ್ವ. ಅವ್ನ ತಲೆ ಕೆಡ್ಸಬ್ಯಾಡ."

ಊರೇ ನಕ್ಕಿತ್ತು. ಮಾರಣ್ಣ ನಾಚಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡಿದ್ದ.

ಅದೇ ದಿನ ಕರ್ಪೂರದ ಮಾತೂ ಬಂತು. ಮಾರಣ್ಣನ ಮನೆ ಕೆಳಗಿನ ಕೇರಿಯಲ್ಲಿ. ಹಿಂದೆ ಕೇಂದ್ರ ಇಲ್ಲದಾಗ ಆನೆ ಕಂಡರೆ ಅವನು ಕೈಗೆ ಸಿಕ್ಕಿದ ನಂಬರಿಗೆಲ್ಲ ಫೋನ್ ಮಾಡುತ್ತಿದ್ದ. ಅವನ ಫೋನಿನಲ್ಲಿ ಇದ್ದದ್ದು ಅವನ ಕೇರಿಯವರ ನಂಬರುಗಳೇ. ಮೇಲಿನ ಕೇರಿಯವರು ಅವನಿಗೆ ನಂಬರು ಕೊಟ್ಟಿದ್ದರೆ ತಾನೆ! ಈಗ ಮೇಲಿನ ಕೇರಿಯ ಪುಟ್ಟಮಲ್ಲಪ್ಪ ಎದ್ದು ನಿಂತರು.

"ಮಾರ ಮೊದ್ಲು ಅವ್ನ ಕೇರಿಗ ಯೋಳ್ತನ, ಆಮ್ಯಾಕ ನಮ್ಗ. ಇದು ನ್ಯಾಯ್ವಾ? ಯಾರ್ಗೂ ಯೋಳ್ಬಾರ್ದು, ಆಪೀಸ್ಗೊಂದೇ ಯೋಳ್ಬೇಕು. ಮಾರಮ್ಮನ ಮುಂದ ಆಣೆ ಮಾಡ್ಲಿ."

ನಮ್ಮ ಕಡೆ ಕರ್ಪೂರದ ಆಣೆ ಎಂದರೆ ಕೋರ್ಟಿನ ಮಾತಿಗಿಂತ ಮೇಲು. ಕರ್ಪೂರದ ಮೇಲೆ ಕೈಯಿಟ್ಟು ಹೇಳಿದ ಮಾತಿಗೆ ತಪ್ಪಿದರೆ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಆಣೆ ಬಿಡಿಸಬೇಕಾದರೆ ಮಾಡಿಸಿದವರೇ ಬಿಡಿಸಬೇಕು. ನನ್ನ ಜೊತೆಗೆ ಬಂದಿದ್ದ ಗುರುಸಿದ್ದಯ್ಯನವರಿಗೆ ಈ ಯೋಚನೆ ಬಹಳ ಹಿಡಿಸಿತು. ಜನರ ಸಂಸ್ಕೃತಿ ಮತ್ತು ತಂತ್ರಜ್ಞಾನ ಕೈ ಹಿಡಿದವು ಎಂದೇನೋ ಅಂದರು. ಬೆಂಕಿಪೊಟ್ಟಣ ಗೀರಿ ಕರ್ಪೂರ ಹಚ್ಚಿದವರು ಅವರೇ. ಆನೆ ಕಂಡರೆ ಕೇಂದ್ರಕ್ಕೆ ಮಾತ್ರ ಹೇಳುತ್ತೇನೆ, ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಮಾರಣ್ಣ ಕೈಯಿಟ್ಟ. ಹಿಂದೆ ನಿಂತಿದ್ದ ಸುಂದ್ರಮ್ಮ, "ನಂಗೂ ಯೋಳಾಂಗಿಲ್ವಾ?" ಎಂದು ನಕ್ಕಳು. ಆ ಗಳಿಗೆಯ ಫೋಟೋ ದೊಡ್ಡದಾಗಿ ಕೇಂದ್ರದ ಗೋಡೆಗೆ ಬಂತು. ಉರಿಯುವ ಕರ್ಪೂರ, ಮಾರಣ್ಣನ ಕೈ, ಹಿಂದೆ ಸುಂದ್ರಮ್ಮನ ನಗು.

ಹೊರಡುವ ಮುಂಚೆ ಗುರುಸಿದ್ದಯ್ಯನವರು ಊರಿಗೆ ಒಂದು ಮಾತು ಕಲಿಸಿದರು. "ಫೋನ್ ಬಂದರೆ ಒಳಗಿರಿ. ಫೋನ್ ಬರಲಿಲ್ಲವೇ, ಧೈರ್ಯವಾಗಿ ಹೋಗಿ." ಮಕ್ಕಳು ಸಹ ಅದನ್ನು ಬಾಯಿಪಾಠ ಮಾಡಿದರು. ಫೋನ್ ಬಾರದೆ ಇರುವುದಕ್ಕೆ ಇನ್ನೂ ಹತ್ತು ಕಾರಣ ಇರಬಹುದು ಸಾರ್ ಎಂದು ಜೀಪಿನಲ್ಲಿ ನಾನು ಹೇಳಿದೆ. ನೆಗೆಟಿವ್ ಮಾತಾಡಬೇಡ ಎಂದರು.

ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಕರೆ ತಪ್ಪತೊಡಗಿತು. ಸರ್ವರ್ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ತೆಗೆದು ನೋಡಿದರೆ ಒಂದೇ ಮಾತು, ಮೆಮೊರಿ ಸಾಲದು, ಕೇಳಿದಷ್ಟು ಕೊಡಲಾಗುತ್ತಿಲ್ಲ. ಯಾರು ಕೇಳಿದಾಗ? ಪ್ರತಿ ಸಲವೂ ಊರಿನ ನಂಬರುಗಳನ್ನು ಹುಡುಕುವ ನನ್ನ ಪ್ರೋಗ್ರಾಂ ಕೇಳಿದಾಗ. ಈ ವ್ಯವಸ್ಥೆ ಕೂರಿಸಿಕೊಟ್ಟಿದ್ದ ಮೈಸೂರಿನ ಕನ್ಸಲ್ಟೆಂಟು ಸುನೀಲ್ ಕುಮಾರ್ ಫೋನಿನಲ್ಲೇ ತೀರ್ಪು ಕೊಟ್ಟ. "ನಿಮ್ಮ ಪ್ರೋಗ್ರಾಮೇ ಮೆಮೊರಿ ತಿಂತಿದೆ ಮೇಡಂ. ಲಾಗ್‌ನಲ್ಲಿ ಅದರ ಹೆಸರೇ ಇದೆಯಲ್ಲ." ಅಲ್ಲಿಂದ ಎಲ್ಲರೂ ನನ್ನ ಕಡೆ ನೋಡುವವರೇ. ಸರ್ವರ್ ಆರಿಸಿ ಹಚ್ಚಿದರೆ ಎರಡು ದಿನ ಸರಿಯಿರುತ್ತಿತ್ತು. ಸೋಮವಾರ ಶಿವನಿಗೆ, ಶುಕ್ರವಾರ ಲಕ್ಷ್ಮಿಗೆ, ಮಿಕ್ಕ ದಿನ ಸರ್ವರಿಗೆ ಎನ್ನುವ ಹಾಗೆ ಅದೂ ಒಂದು ಪೂಜೆಯಾಯಿತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಪ್ರೋಗ್ರಾಂ ಕೇಳುತ್ತಿದ್ದದ್ದು ಒಂದು ಊರಿನ ನೂರಿನ್ನೂರು ನಂಬರು. ಅದಕ್ಕೆ ಎಷ್ಟು ಮೆಮೊರಿ ಬೇಕು? ಮದುವೆಮನೆಯ ಪಂಕ್ತಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಸರ್ವರಿನ ಮೆಮೊರಿ ಎಂದರೆ ಮಾಡಿಟ್ಟ ಅಡುಗೆ, ಇರುವುದು ಇಷ್ಟೇ. ಡೇಟಾಬೇಸನ್ನು ಯಾರೇ ಏನೇ ಕೇಳಲಿ, ಹುಡುಕಿ ಜೋಡಿಸಿ ಕೊಡಲು ಅದು ಅವರ ಎಲೆಗೆ ಒಂದು ಪಾಲು ಮೆಮೊರಿ ಬಡಿಸಬೇಕು. ಒಂದು ಎಲೆಗೆ ಹೆಚ್ಚೆಂದರೆ ಎಷ್ಟು ಎಂಬ ಮಿತಿಯನ್ನು ನಾವೇ ಬರೆದಿಡಬೇಕು. ಆ ಮಿತಿ ಕೈಮೀರಿ ದೊಡ್ಡದಾದರೆ ಮೊದಲು ಕೂತ ನಾಲ್ಕು ಜನರೇ ಪಾತ್ರೆ ಬರಿದು ಮಾಡುತ್ತಾರೆ. ಕೊನೆಗೆ ಬಂದವನು ಒಂದು ತುತ್ತು ಕೇಳಿದರೂ ಇಲ್ಲ. ಉಂಡು ಕೂತವನನ್ನು ಸರ್ವರ್ ಏಳಿಸುವುದಿಲ್ಲ, ತುತ್ತು ಕೇಳಿದವನನ್ನು ಹೊರಗೆ ಕಳಿಸುತ್ತದೆ. ಲಾಗ್‌ನಲ್ಲಿ ಬರೆಯುವುದೂ ಹೊರಗೆ ಹೋದವನ ಹೆಸರನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಳಗಿನ ಕೇರಿಯವರು ಇದನ್ನು ಸರ್ವರಿನಿಂದ ಕಲಿಯಬೇಕಾಗಿಲ್ಲ.

ಹಾಗಾದರೆ ಉಂಡು ಕೂತವರು ಯಾರು? ಕರೆ ತಪ್ಪಿದ ಗಳಿಗೆಯಲ್ಲೇ ಡೇಟಾಬೇಸಿನೊಳಗೆ ಯಾರ್‍ಯಾರು ಕೂತಿದ್ದಾರೆ, ಯಾರ ಎಲೆಯಲ್ಲಿ ಎಷ್ಟಿದೆ ಎಂದು ನೋಡುವ ಏರ್ಪಾಟು ಮಾಡಿ ಕಾದೆ. ಎರಡನೇ ದಿನವೇ ಸಿಕ್ಕಿಬಿದ್ದರು. ಗೋಡೆಯಗಲದ ಆ ಪರದೆ! ಆ ನಕ್ಷೆ ಕೆಲವು ಸೆಕೆಂಡಿಗೊಮ್ಮೆ ಅದುವರೆಗಿನ ಎಲ್ಲ ಆನೆ, ಎಲ್ಲ ಕರೆ, ಎಲ್ಲ ಚುಕ್ಕಿಗಳನ್ನು ಮೊದಲಿಂದ ಜೋಡಿಸಿ ಕೇಳುತ್ತಿತ್ತು. ದಿನ ಹೋದಂತೆ ಚುಕ್ಕಿಗಳು ಬೆಳೆದಿದ್ದವು. ಸಾಲದ್ದಕ್ಕೆ ಟ್ರಸ್ಟಿಗಳೆಲ್ಲ ತಮ್ಮ ಮನೆಯ ಟೀವಿಯಲ್ಲೂ ಅದೇ ನಕ್ಷೆ ಹಾಕಿಕೊಂಡು ನೆಂಟರಿಗೆ ತೋರಿಸುತ್ತಿದ್ದರು. ಪರದೆ ತಡವರಿಸಬಾರದು ಎಂದು ಸುನೀಲ್ ಕುಮಾರ್ ಎಲೆಯ ಮಿತಿಯನ್ನು ಊರಗಲ ಮಾಡಿಟ್ಟಿದ್ದ.

ನಾನು ಮಿತಿಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದೆ. ಕರೆಗಳು ಮತ್ತೆ ಸರಾಗವಾಗಿ ಹೋದವು, ಒಂದೂ ತಪ್ಪಲಿಲ್ಲ. ನಕ್ಷೆ ಮಾತ್ರ ನಿಧಾನವಾಯಿತು. ಊರುಗಳು ಒಂದಾದ ಮೇಲೊಂದು ಸಾವಕಾಶವಾಗಿ ಮೂಡುತ್ತಿದ್ದವು. ಗುರುಸಿದ್ದಯ್ಯನವರಿಗೆ ಎಲ್ಲವನ್ನೂ ವಿವರಿಸಿ ಹೇಳಿದೆ. ಪರದೆ ನಿಧಾನವಾದರೆ ಯಾರೂ ಸಾಯುವುದಿಲ್ಲ ಸಾರ್, ಕರೆ ನಿಧಾನವಾದರೆ ಸಾಯುತ್ತಾರೆ ಎಂದೆ. ಅವರು ನಕ್ಷೆಯನ್ನೇ ನೋಡುತ್ತ, "ಫಾರಿನ್ ಗೆಸ್ಟ್ ಬರ್ತಿದಾರಮ್ಮ ಮುಂದಿನ ವಾರ" ಎಂದರು.

ಗೆಸ್ಟುಗಳು ಬರುವ ದಿನ ಬೆಳಗ್ಗೆ ಬೇಗ ಬರಬೇಕೆಂದು ಅಪ್ಪಣೆಯಾಗಿತ್ತು. ಹರವೆಯಿಂದ ಮೊದಲ ಬಸ್ಸು ಹಿಡಿದೆ. ಬಸ್ಸು ಉಡಿಗಾಲ ದಾಟುವಾಗ ನನ್ನ ಫೋನಿಗೆ ಸರ್ವರಿನಿಂದ ಸಂದೇಶ ಬಂತು, ಮೆಮೊರಿ ಸಾಲದು ಎಂದು. ಯಾವುದೋ ಊರಿನ ಕರೆ ನಿಂತಿದೆ. ಯಾವ ಊರು ಎಂದು ಆ ಸಂದೇಶದಲ್ಲಿ ಇರುವುದಿಲ್ಲ. ಕೂಡಲೇ ಗುರುಸಿದ್ದಯ್ಯನವರಿಗೆ ಫೋನ್ ಮಾಡಿದೆ. ಅವರು ಆಗಲೇ ಹಾಲಿನಲ್ಲಿದ್ದರು.

"ಸಾರ್, ಮಿತಿ ಯಾರಾದರೂ ಮುಟ್ಟಿದರಾ?"

"ಸುನೀಲ್ ರಾತ್ರಿ ಮೈಸೂರಿಂದಲೇ ಸರಿ ಮಾಡಿದಾನೆ. ಎಷ್ಟು ಚೆನ್ನಾಗಿ ಓಡ್ತಿದೆ ಗೊತ್ತಾ ಮ್ಯಾಪು!"

"ಸಾರ್, ಎಲ್ಲೋ ಕರೆ ಹೋಗ್ತಿಲ್ಲ. ಪರದೆ ಆರಿಸಿಬಿಡಿ ಸಾರ್. ಸ್ವಿಚ್ ಆಫ್ ಮಾಡಿದರೆ ಸಾಕು, ಮೆಮೊರಿ ಬಿಡುತ್ತದೆ, ಕರೆ ತಾನಾಗಿ ಹೋಗ್ತದೆ."

"ಇವತ್ತಾ? ಗೆಸ್ಟ್ ಹೋಗೋವರೆಗೂ ಏನೂ ಮುಟ್ಟಬಾರದು ಅಂದಿದಾನೆ ಅವನು. ನೀನು ಬಾ, ಬಂದು ನೋಡು. ಬರ್ತಾ ಬಾಗಿಲಿಗೆ ಚೆಂಡು ಹೂವಿನ ಹಾರ ತಗೊಂಡು ಬಾ."

ಇನ್ನೆರಡು ಸಲ ಮಾಡಿದೆ, ಎತ್ತಲಿಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತು ಜನರನ್ನು ತುಂಬಿಕೊಳ್ಳುತ್ತಿತ್ತು. ಡ್ರೈವರನ್ನು ಬೈದೆ, ಕಂಡಕ್ಟರನ್ನು ಬೈದೆ. ಪಾಪ, ಅವರೇನು ಮಾಡಿಯಾರು? ಇಳಿದವಳು ಓಡಿದೆ. ಹಾಲಿಗೂ ಹೋಗದೆ ನೇರ ಹಿಂದಿನ ಕೋಣೆಗೆ ನುಗ್ಗಿ, ಮಿತಿ ಇಳಿಸಿ, ಸರ್ವರನ್ನು ಆರಿಸಿ ಹಚ್ಚಿದೆ. ನಿಂತಿದ್ದ ಕರೆಗಳು ಒಂದೊಂದಾಗಿ ಹೊರಟವು. ಆಗ ಕಂಡಿತು ಊರು. ಹಂಗಳ. ಮಾರಣ್ಣ ಅಂಕಿ ಒತ್ತಿ ಒಂದು ಗಂಟೆಗೂ ಮೇಲಾಗಿತ್ತು. ಅವನ ಮಾತನ್ನು ಬರೆದುಕೊಳ್ಳುವಷ್ಟು ಚೂರು ಮೆಮೊರಿ ಸಿಕ್ಕಿತ್ತು, ಊರಿನ ನಂಬರು ಹುಡುಕುವಷ್ಟು ಸಿಕ್ಕಿರಲಿಲ್ಲ.

ತಡವಾದ ಕರೆಯನ್ನು ಕಳಿಸಬಾರದು, ಸಂಜೆ ಹೋಗುವ ಎಚ್ಚರಿಕೆ ಬೆಳಗಿನ ಆನೆಗೆ ಯಾಕೆ ಎಂದು ನಾನು ಮೊದಲೇ ಕೇಳಿದ್ದೆ. ನೂರಕ್ಕೆ ನೂರು ಕರೆ ಹೋಯಿತು ಎಂದು ತೋರಿಸಬೇಕು, ಒಂದನ್ನೂ ಬಿಡಬಾರದು ಎಂದು ಗುರುಸಿದ್ದಯ್ಯನವರು ಹೇಳಿದ್ದರು. ಪರದೆಯ ಮೇಲೆ ಹಂಗಳದ ಚುಕ್ಕಿಗಳು ಒಂದೊಂದೇ ಹಸಿರಾದವು.

ಗೆಸ್ಟುಗಳು ಬಂದರು. ಗುರುಸಿದ್ದಯ್ಯನವರು ಕೋಲು ಹಿಡಿದು ಹಂಗಳವನ್ನೇ ತೋರಿಸಿದರು. ಇಂದು ಬೆಳಗ್ಗೆಯಷ್ಟೇ ಆನೆ ಬಂದಿತ್ತು, ಎಲ್ಲ ಮನೆಗೂ ಕರೆ ಹೋಗಿದೆ, ಎಲ್ಲರೂ ಎತ್ತಿದ್ದಾರೆ ನೋಡಿ. ಗೆಸ್ಟುಗಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮುಂಚೆ ನನ್ನ ಫೋನ್ ಬಡಿದುಕೊಂಡಿತು. ಮಾರಣ್ಣನ ಮಗಳು ಶಾಂತಿ.

"ಅಕ್ಕಾ... ಅವ್ವನ್ನ ಆನೆ ತುಳುದ್ಬುಡ್ತು ಅಕ್ಕಾ."

ನಾನು ಫೋನ್ ಕಿವಿಗೆ ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋದೆ.

"ಚೆಂಡುವ್ವಿನ್ ವಲದಲ್ಲಿ. ಪೋನ್ ಬರ್ನಿಲ್ಲ, ಆನೆ ಇಲ್ಲ, ಬನ್ರೇ ಅಂತ ಅವ್ವನೇ ಮುಂದ ಓಯ್ತಂತೆ. ಮಿಕ್ಕೋರೆಲ್ಲ ಓಡ್ಬಂದ್ರು. ಅಪ್ಪ ಅಟ್ಟಣೆಯಿಂದ ಇಳ್ದು ಬರಾ ಒತ್ಗ ಎಲ್ಲ ಮುಗ್ದೋಗಿತ್ತು. ಅವ್ವನ ತಲೆ ತೊಡೆ ಮ್ಯಾಲ ಇಟ್ಕಂಡು ಕುಂತಿದ್ದ. ಆಗ... ಆಗ ಅವ್ವನ್ ಪೋನ್ ಬಡ್ಕತು ಅಕ್ಕಾ. ಅಪ್ಪ ಎತ್ತುದ್ರೆ ನಿನ್ ದನಿ."

ಅವಳು ಅಳುತ್ತಿದ್ದಳು. ಹಾಲಿನಲ್ಲಿ ಕಾಫಿ ಲೋಟಗಳ ಸದ್ದು. ನನ್ನ ದನಿ ಹೇಳಬೇಕಾದದ್ದನ್ನು ಆಗಲೇ ಹೇಳಿತ್ತು. ಜೋಪಾನ, ಮನೆಯಿಂದ ಹೊರಗೆ ಬರಬೇಡಿ.

ಮೂರು ದಿನಕ್ಕೆ ಟ್ರಸ್ಟಿನ ವರದಿ ತಯಾರಾಯಿತು. ಕಾವಲುಗಾರನಿಂದ ಮಾಹಿತಿ ಬಂದಿದೆ, ಮನೆಗೆ ಕರೆ ಹೋಗಿದೆ, ಕರೆಯನ್ನು ಸ್ವೀಕರಿಸಲಾಗಿದೆ, ಮೃತರು ಎಚ್ಚರಿಕೆಯನ್ನು ಕಡೆಗಣಿಸಿ ಹೊಲಕ್ಕೆ ತೆರಳಿದ್ದಾರೆ. ಅವಳ ಫೋನನ್ನು ಗಂಡ ಎತ್ತಿದ್ದಕ್ಕೆ, ಅವಳೇ ಎತ್ತಿ, ಕೇಳಿ, ಬೇಕೆಂದೇ ಸಾಯಲು ಹೋದಳು ಎಂದು ಬರೆದಿದ್ದರು.

"ಕರೆ ಹೋದ ಹೊತ್ತು ಯಾಕೆ ಬರೆದಿಲ್ಲ ಸಾರ್?"

"ಹಾಗೆಲ್ಲ ಬರೆದರೆ ನಾಳೆಯಿಂದ ಯಾವ ಊರಿನವರೂ ನಮ್ಮ ಫೋನ್ ನಂಬಲ್ಲ. ನಂಬಿಕೆ ಹೋದರೆ ಎಷ್ಟು ಜೀವ ಹೋಗುತ್ತೆ ಯೋಚನೆ ಮಾಡು. ಟೆಕ್ನಿಕಲ್ ಪರ್ಸನ್ ಅಂತ ಇಲ್ಲಿ ಸೈನ್ ಹಾಕು."

"ನೀವು ಪರದೆ ಆರಿಸಿದ್ದರೆ ಸುಂದ್ರಕ್ಕ ಬದುಕ್ತಿದ್ದಳು."

ಅವರ ಮುಖ ಒಂದು ಗಳಿಗೆ ಬಿಳಿಚಿತು. ಅಷ್ಟೇ. "ಸರ್ವರ್ ನೋಡ್ಕೊಳ್ಳೋದು ನಿನ್ನ ಕೆಲಸ ಅಲ್ವೇನಮ್ಮ?" ಎಂದರು. ನಾನು ಸಹಿ ಹಾಕಲಿಲ್ಲ. ಸುನೀಲ್ ಕುಮಾರ್ ಮೈಸೂರಿನಿಂದ ಹಾಕಿ ಕಳಿಸಿದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮವರು ಅದನ್ನೂ ಹಾಕಲಿಲ್ಲ, ನಕ್ಷೆ ನಿಧಾನವಾಯಿತೆಂದು ಮಿತಿಯನ್ನು ಮತ್ತೆ ಏರಿಸಿದರು. ನಾನು ದಿನಾ ಬಂದವಳು ಇಳಿಸುತ್ತಿದ್ದೆ, ಸಂಜೆ ಅವರು ಏರಿಸುತ್ತಿದ್ದರು.

ತಿಥಿ ಮುಗಿಸಿಕೊಂಡು ಮಾರಣ್ಣ ಕೇಂದ್ರಕ್ಕೆ ಬಂದ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ನಿಂತುಕೊಂಡೇ ಬಂದಿದ್ದನಂತೆ. ತಲೆ ಬೋಳಿಸಿದ್ದ. ಕೈಯಲ್ಲಿ ಟ್ರಸ್ಟು ಕೊಟ್ಟಿದ್ದ ಟಾರ್ಚು. ಹಾಲಿಗೆ ಬಂದವನು ಪರದೆ ನೋಡಲಿಲ್ಲ, ಗೋಡೆಯ ಫೋಟೋ ಮುಂದೆ ನಿಂತುಬಿಟ್ಟ. ಅದರಲ್ಲಿ ಸುಂದ್ರಮ್ಮ ನಗುತ್ತಲೇ ಇದ್ದಳು. ಎಷ್ಟು ಹೊತ್ತು ನಿಂತನೋ. ಗುರುಸಿದ್ದಯ್ಯನವರು ಒಳಗಿಂದ ಬಂದು ಅವನ ಭುಜ ಮುಟ್ಟಿದರು.

"ಆಗಬಾರದಿತ್ತು ಮಾರಯ್ಯ. ಏನು ಮಾಡೋದು, ವಿಧಿ."

"ಬುದ್ದಿ, ಒಂದ್ ಮಾತ್ ಕೇಳಾಕ್ ಬಂದಿ," ಎಂದ ಮಾರಣ್ಣ. "ಇನ್ಮ್ಯಾಲ ನನ್ ಮಗ್ಳು ಊವ್ ಕೀಳಾಕ್ ಓಯ್ತಳ. ಆನ ಕಂಡ್ರೆ ಮೊದ್ಲು ಅವ್ಳ್ಗ ಪೋನ್ ಮಾಡ್ಬೇಕು ನಾನು. ಆಣೆ ಅಡ್ಡ ಅದ. ಪುಟ್ಟಮಲ್ಲಪ್ಪೋರ ಕೇಳ್ದಿ, ಕರ್ಪೂರ ಅಚ್ಚಿದೋರು ಆ ಸಾಯೇಬ್ರು, ಅವ್ರೇ ಬುಡಿಸ್ಬೇಕು ಅಂದ್ರು. ಬುಡ್ಸಿಕೊಡಿ ಬುದ್ದಿ."

ಒಂದೇ ಮಾತು. 'ಬಿಡಿಸಿದೆ ಹೋಗಪ್ಪ' ಎಂದಿದ್ದರೆ ಅವರ ಗಂಟು ಹೋಗುತ್ತಿರಲಿಲ್ಲ. ಅವರು ಯೋಚಿಸಿದರು. ಯೋಚಿಸಿದ್ದು ಮಾರಣ್ಣನ ಮಗಳ ಬಗ್ಗೆ ಅಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ದೇವರ ಮುಂದಿನ ಮಾತು ಅದು. ನಾನ್ಯಾರು ಬಿಡಿಸೋಕೆ? ಮತ್ತೆ ಒಬ್ಬನಿಗೆ ಬಿಟ್ಟರೆ ಎಲ್ಲ ಊರಿನವರೂ ಕೇಳ್ತಾರೆ. ರೂಲ್ಸು ರೂಲ್ಸೇ ಮಾರಯ್ಯ," ಎಂದು ಹೇಳಿ, ಕೈಗಡಿಯಾರ ನೋಡಿಕೊಂಡು ಒಳಗೆ ಹೋದರು.

ನನಗೆ ಅಲ್ಲೇ ಕಿರುಚಿಬಿಡಬೇಕು ಅನ್ನಿಸಿತು. ಮಾರಣ್ಣ ನನ್ನ ಹತ್ತಿರ ಬಂದ.

"ಅವತ್ತು ನಾ ಒತ್ತಿದ್ದು ನಿಮ್ಗ ಬಂದಿತ್ತಾ ಅವ್ವ?"

"ಬಂದಿತ್ತು ಮಾರಣ್ಣ. ನೀನು ಒತ್ತಿದ ಕ್ಷಣವೇ ಬಂದಿತ್ತು. ಇಲ್ಲಿಂದ ಹೋಗಲಿಲ್ಲ. ತಪ್ಪು ಇಲ್ಲಿಯದು."

"ದನ್ಯವಾದ ಅಂದಿತ್ತಲ್ಲ ಮೆಸಿನ್ನು. ಸರಿ, ಓಯ್ತು ಪೋನು ಅಂದ್ಕಂಡಿ." ಅವನು ಟಾರ್ಚನ್ನು ಮೇಜಿನ ಮೇಲಿಟ್ಟ. "ಆದ್ರೂ ಜೀವ ತಡೀನಿಲ್ಲ ಕಣವ್ವ. ಅವ್ಳ ನಂಬ್ರು ಒತ್ತಿ, ಇನ್ನೇನು ಬಡ್ಕಬೇಕು, ಆಣೆ ಗೆಪ್ತಿ ಬಂತು. ಮನೆ ಉಳೀಲಿ ಅಂತ ಕಟ್ ಮಾಡ್ಬುಟ್ಟಿ."

ಅವನು ಅಳಲಿಲ್ಲ. ಅತ್ತವಳು ನಾನು. ಅವನೇ ನನಗೆ ನೀರಿನ ಲೋಟ ತಂದುಕೊಟ್ಟ. ಆಮೇಲೆ ಮೊದಲ ಸಲ ಪರದೆಯ ಕಡೆ ತಿರುಗಿದ.

"ನಮ್ಮೂರು ಎಲ್ಲವ್ವ ಇದ್ರಲ್ಲಿ?"

ತೋರಿಸಿದೆ. ಅವನ ಮನೆ ಎಲ್ಲಿ ಎಂದು ಕೇಳಿದ. ಕೇರಿಯ ತುದಿಯ ಚುಕ್ಕಿಯ ಮೇಲೆ ಬೆರಳಿಟ್ಟೆ.

"ಅಸ್ರು ಅಂದ್ರೆ ಏನವ್ವ?"

ಹೇಳದೆ ಇರಬಹುದಿತ್ತು. ಸುಳ್ಳು ಹೇಳಿ ಕಳಿಸಬಹುದಿತ್ತು. ಆ ಮನೆಯವರಿಗೆ ಆಗಲೇ ಸಾಕಷ್ಟು ಸುಳ್ಳು ಹೇಳಿದ್ದೆವು. "ಕರೆ ಹೋಯಿತು, ಸುಂದ್ರಕ್ಕ ಎತ್ತಿದಳು, ಕೇಳಿಸಿಕೊಂಡಳು ಅಂತ ಮಾರಣ್ಣ," ಎಂದೆ. ವರದಿಯಲ್ಲಿ ಏನು ಬರೆದಿದ್ದಾರೆ ಎಂಬುದನ್ನೂ ಹೇಳಿದೆ.

ಅವನ ಕಣ್ಣು ಕೆಂಪಾಯಿತು. ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

"ಎತ್ತಿದ್ದು ನಾನು! ಅವ್ಳ ಸೆರಗ್ನಿಂದ ಬಿಚ್ಚಿ ಎತ್ತಿದ್ದು ನಾನು ಕಣವ್ವ! ಅವ್ಳು ಕೇಳ್ಕಂಡೂ ವಲಕ್ಕ ಓದ್ಲು ಅಂತಾರಾ? ಮಾತ್ ಮೀರಿ ಓದ್ಲು ಅಂತಾರಾ? ಅಳ್ಸು ಅದ್ನ. ಈಗ್ಲೇ ಅಳ್ಸು."

ನಾನು ಹಿಂದಿನ ಕೋಣೆಗೆ ಹೋದೆ. ಡೇಟಾಬೇಸಿನಲ್ಲಿ ಒಂದು ಸಾಲು ತಿದ್ದುವುದು ಎಷ್ಟರ ಕೆಲಸ? ಸುಂದ್ರಮ್ಮನ ಹೆಸರಿನ ಎದುರು 'ಎತ್ತಿದ್ದಾರೆ' ಎಂದಿದ್ದದ್ದನ್ನು 'ತಲುಪಲಿಲ್ಲ' ಎಂದು ಮಾಡಿದೆ. ಹಾಗೆಯೇ ಮೆಮೊರಿಯ ಮಿತಿಯನ್ನೂ ಇಳಿಸಿ ಹೊರಗೆ ಬಂದೆ. ನಕ್ಷೆ ಬರಿದಾಗಿ ಮತ್ತೆ ಮೂಡತೊಡಗಿತ್ತು, ನಿಧಾನವಾಗಿ, ಒಂದೊಂದೇ ಊರು. ನಾವಿಬ್ಬರೂ ಕಾದೆವು. ಹಂಗಳ ಕೊನೆಯಲ್ಲಿ ಬಂತು. ಸಾಲು ಹಸಿರು ಚುಕ್ಕಿಗಳ ತುದಿಯಲ್ಲಿ ಒಂದು ಕೆಂಪು.

ಮಾರಣ್ಣ ಪರದೆಗೆ ಕೈಮುಗಿದ. "ಈಗ ಸರಿಯಾಯ್ತು," ಎಂದು ಹೇಳಿ ಹೊರಟುಹೋದ.

ಗುರುಸಿದ್ದಯ್ಯನವರಿಗೆ ಆ ಚುಕ್ಕಿ ಕಾಣಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಗಂಟೆಗೂ ಮೇಲೆ ಕರೆ ನಿಂತಿದ್ದು ಕಾಣದ ಕಣ್ಣಿಗೆ ಒಂದು ಕೆಂಪು ಚುಕ್ಕಿ ಗೋಡೆಯಾಚೆಯಿಂದ ಕಂಡಿತು. ಯಾರು ಮುಟ್ಟಿದ್ದು ಎಂದರು. ನಾನು ಎಂದೆ. ದಾಖಲೆ ತಿದ್ದುವುದು ಅಪರಾಧ ಗೊತ್ತಾ ಎಂದರು. ಗೊತ್ತು ಸಾರ್, ವರದಿ ಓದಿದ್ದೇನೆ ಎಂದೆ. ನಾಳೆಯಿಂದ ಬರುವುದು ಬೇಡ ಎಂದರು. ಚುಕ್ಕಿ ಆ ಸಂಜೆಯೇ ಮತ್ತೆ ಹಸಿರಾಯಿತೆಂದು ಅಲ್ಲಿ ಗುಡಿಸುವ ಮಲ್ಲಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಎಚ್ಚರಿಕೆಯ ದನಿ ಮಾತ್ರ ಇನ್ನೂ ನನ್ನದೇ ಇದೆಯಂತೆ. ಹೊಸದಾಗಿ ಓದಿಸಲು ಯಾರೂ ಸಿಕ್ಕಿಲ್ಲ.

ಮೊನ್ನೆ ಹಂಗಳಕ್ಕೆ ಹೋಗಿದ್ದೆ. ಊರಿಗೆ ಹೊಸ ಕಾವಲುಗಾರ ಬಂದಿದ್ದಾನೆ. ಅವನ ಕೈಯಲ್ಲೂ ಕರ್ಪೂರ ಮುಟ್ಟಿಸಿದ್ದಾರೆ. ಮುಂಜಾನೆಯ ಮಂಜಿನಲ್ಲಿ ಹೆಂಗಸರು ಹೂವಿನ ಹೊಲಕ್ಕೆ ಹೊರಟಿದ್ದರು. ಎಲ್ಲರ ಸೆರಗಿನ ತುದಿಯಲ್ಲೂ ಫೋನಿನ ಗಂಟು. ಎಲ್ಲರಿಗಿಂತ ಮುಂದೆ, ಕೈಯಲ್ಲೊಂದು ಕೋಲು ಹಿಡಿದು ಮಾರಣ್ಣ ನಡೆಯುತ್ತಿದ್ದ. ಕಾವಲು ಬಿಟ್ಟೆಯಲ್ಲ, ಇನ್ನು ಆಣೆ ಯಾವುದು, ಶಾಂತಿಗೆ ಬಾಯಲ್ಲೇ ಹೇಳಬಹುದಲ್ಲ ಎಂದು ಕೇಳಿದೆ. ಬಿಡಿಸುವವರು ಬಿಡಿಸದೆ ಆಣೆ ಹೋಗುವುದಿಲ್ಲ ಎಂದು ತಲೆಯಾಡಿಸಿದ.

"ಯೋಳ್ಬಾರ್ದು ಅಂತ ತಾನೆ ಕರ್ಪೂರ ಮುಟ್ಟಿರಾದು? ಮುಂದ ನಡೀಬಾರ್ದು ಅಂತ ಯಾರೂ ಯೋಳಿಲ್ವಲ್ಲವ್ವ. ಬಂದ್ರೆ ಮೊದ್ಲು ನನ್ನ ತುಳೀಲಿ, ಅವ್ಳು ನೋಡ್ಕಂಡು ಓಡೋಗ್ಲಿ."

ಕೋಲೂರಿಕೊಂಡು ಹೊಲದ ಕಡೆ ತಿರುಗಿದ. ಸ್ವಲ್ಪ ದೂರ ಬಿಟ್ಟು, ಅವನು ಹೇಳಿದಷ್ಟೇ ದೂರ ಬಿಟ್ಟು, ಶಾಂತಿ ಹಿಂದೆ ನಡೆದಳು.